ರೂಪ ಒಂದು, ಕುಲ ಬೇರೆ

ನಮ್ಮ ಗ್ರಾಮದ ಹೆಸರನ್ನು ಮೊದಲ ಸಲ ಕೇಳಿದ ಘಟ್ಟದ ಮೇಲಣ ಮಿತ್ರರು ತುಸು ಸುಮ್ಮನಿದ್ದು, ಬಳಿಕ “ಹಾಗಾದರೆ ನಿಮ್ಮ ಊರಿನಲ್ಲಿ ನೀರಿಗೆ ಅಷ್ಟೊಂದು ಕೊರತೆಯೋ?” ಎಂದು ವಿನೋದವಾಗಿ ಪ್ರಶ್ನಿಸುವುದುಂಟು. ಬಾಯಾರು ಎಂದರೆ ಕನ್ನಡದಲ್ಲಿ ಬಾಯಿ ಒಣಗು, ನೀರಡಿಸು ಎಂದು ಅರ್ಥವಷ್ಟೆ. ತೋಡುಗಳೂ ಕೆರೆಗಳೂ ಅಡಿಕೆಯ ತೋಟಗಳೂ ಉಳ್ಳ ಈ ಗ್ರಾಮಕ್ಕೆ ಈ ಹೆಸರು ಹೇಗೆ ಸಂದಿತೆಂದು ಅವರಿಗೆ ಆಶ್ಚರ್ಯ. ಆ ಪ್ರಶ್ನೆಗೆ ಈ ಲೇಖನದ ಕೊನೆಯಲ್ಲಿ ಮರಳಿ ಬರೋಣ. ಅದಕ್ಕೆ ಮೊದಲು, ಕಿವಿಗೆ ಒಂದೇ ಆಗಿ ಕೇಳಿಸುವ ಶಬ್ದಗಳು ವಾಸ್ತವವಾಗಿ ಒಂದೇ ಆಗಿರುವುವೋ ಎಂಬ ವಿಚಾರವನ್ನು ನಮ್ಮ ವಿದ್ಯಾರ್ಥಿಗಳ ಮುಂದೆ ಇಡಬೇಕೆಂದು ಇಚ್ಛಿಸಿದ್ದೇನೆ. ಈ ವಿಚಾರಕ್ಕೆ ನಮ್ಮ ಸೀಮೆಗಿಂತ ಅನುಕೂಲವಾದ ಸ್ಥಳ ಬೇರೊಂದಿರಲಾರದು. ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಎಂದು ಕರೆಯುವುದು ವಾಡಿಕೆ. ಬಾಯಾರಿನ ಒಂದು ತರಗತಿಯನ್ನು ಹೊಕ್ಕು ನೋಡಿದರೂ ಮನೆಯಲ್ಲಿ ತುಳುವನ್ನಾಡುವವರು, ಹವ್ಯಕ ಕನ್ನಡವನ್ನಾಡುವವರು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿಗಳನ್ನಾಡುವವರು ಒಂದೇ ಬೆಂಚಿನಲ್ಲಿ ಕುಳಿತು ಕನ್ನಡದ ಪಾಠವನ್ನು ಓದುತ್ತಿರುತ್ತಾರೆ.

ಒಂದು ಸಂಗತಿಯಿಂದ ಆರಂಭಿಸುತ್ತೇನೆ. ನನ್ನ ನೆರೆಯ ಹಿರಿಯರೊಬ್ಬರಿಗೆ ಕೆಲವು ವರ್ಷಗಳ ಹಿಂದೆ ಒಂದು ಕಚೇರಿಯಿಂದ ಮಲಯಾಳದಲ್ಲಿ ಕಾಗದ ಬಂತು. ಅವರಿಗೆ ಆ ಲಿಪಿ ತಿಳಿಯದು. ಶಾಲೆಯಲ್ಲಿ ಮಲಯಾಳವನ್ನು ಆಗಷ್ಟೇ ಕಲಿಯತೊಡಗಿದ್ದ ಮೊಮ್ಮಗನು ಅಕ್ಷರ ಕೂಡಿಸಿ ಓದಿ ಹೇಳಿದನು. ಅದರಲ್ಲಿ ‘ಅವಸಾನ ಅವಸರಂ’ ಎಂದಿತ್ತು. ಅವಸಾನವೆಂದರೆ ನಮಗೆ ಮರಣ, ಅವಸರವೆಂದರೆ ತ್ವರೆ. “ನನ್ನ ಅವಸಾನಕ್ಕೆ ಇವರಿಗೇಕೆ ಅವಸರ?” ಎಂದು ಹಿರಿಯರು ನಕ್ಕು, ಆ ಕಾಗದವನ್ನು ಪೆಟ್ಟಿಗೆಯೊಳಗೆ ಇರಿಸಿಬಿಟ್ಟರು. ಮಲಯಾಳದಲ್ಲಿ ಆ ಎರಡು ಶಬ್ದಗಳಿಗೆ ‘ಕೊನೆಯ ಅವಕಾಶ’ ಎಂದು ಅರ್ಥ. ಭೂಮಿಯ ದಾಖಲೆಗಳನ್ನು ಹಾಜರುಪಡಿಸಲು ಕೊಟ್ಟ ಕೊನೆಯ ತಾರೀಕು ಹಾಗೆಯೇ ಕಳೆದುಹೋಯಿತು. ಮತ್ತೆ ಅದನ್ನು ಸರಿಪಡಿಸಿಕೊಳ್ಳಲು ಆ ವೃದ್ಧರು ಒಂದು ವರ್ಷಕ್ಕೂ ಮಿಕ್ಕಿ ಬಸ್ಸು ಹತ್ತಿ ಇಳಿಯಬೇಕಾಯಿತು. ಲಿಪಿ ತಿಳಿಯದುದರಿಂದ ಬಂದ ಕಷ್ಟವೆಂದು ಕೆಲವರು ಇದನ್ನು ಎಣಿಸಿದರು. ನಾನು ಹಾಗೆ ಎಣಿಸಲಿಲ್ಲ. ಲಿಪಿಯನ್ನು ಹುಡುಗನು ಸರಿಯಾಗಿಯೇ ಓದಿದ್ದನು. ಎರಡೂ ಶಬ್ದಗಳು ಅವರಿಗೆ ಚೆನ್ನಾಗಿ ಪರಿಚಿತವಾಗಿದ್ದುದೇ ಅನರ್ಥಕ್ಕೆ ಕಾರಣವಾಯಿತು. ಅಪರಿಚಿತ ಶಬ್ದವಾಗಿದ್ದರೆ ಅವರು ಯಾರನ್ನಾದರೂ ಕೇಳುತ್ತಿದ್ದರು.

1956ನೆಯ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯಿಂದ ಕಾಸರಗೋಡು ಬೇರ್ಪಟ್ಟು ಕೇರಳಕ್ಕೆ ಸೇರಿದಂದಿನಿಂದ ನಮ್ಮ ಕನ್ನಡಿಗರ ನಿತ್ಯವ್ಯವಹಾರದಲ್ಲಿ ಈ ತೆರನಾದ ಶಬ್ದಗಳು ಹೆಜ್ಜೆಹೆಜ್ಜೆಗೂ ಎದುರಾಗುತ್ತಿವೆ. ಕಚೇರಿಯಲ್ಲಿ ‘ಅಪೇಕ್ಷ’ ಎಂದರೆ ಅರ್ಜಿ. ನಮಗೆ ಅದು ಮನಸ್ಸಿನ ಬಯಕೆ. ‘ನಾಳೆ ಅವಧಿ’ ಎಂಬ ಮಾತು ಮಲಯಾಳ ವಿಭಾಗದ ಮಕ್ಕಳಿಗೆ ರಜೆಯ ಸಂತೋಷವನ್ನುಂಟುಮಾಡಿದರೆ, ಕನ್ನಡ ವಿಭಾಗದ ಮಗುವಿಗೆ ಅದು ಗಣಿತದ ಒಂದನೆಯ ಅವಧಿಯೋ ಎರಡನೆಯದೋ ಎಂಬ ಚಿಂತೆಯನ್ನು ತರುತ್ತದೆ. ಯಕ್ಷಗಾನವನ್ನು ಕಂಡು ಬೆಳೆದ ನಮ್ಮ ಹುಡುಗರಿಗೆ ಪ್ರಸಂಗವೆಂದರೆ ಪಂಚವಟಿ, ಕರ್ಣಪರ್ವ. ಕಲೋತ್ಸವದ ಪಟ್ಟಿಯಲ್ಲಿ ‘ಪ್ರಸಂಗಂ’ ಎಂದಿದ್ದರೆ ಅದು ಭಾಷಣದ ಸ್ಪರ್ಧೆ. (ಅಂದಹಾಗೆ, ಈಗ ನಾನು ಬರೆದ ‘ಪಟ್ಟಿ’ ಎಂಬ ಶಬ್ದವನ್ನು ಮಲಯಾಳಿಗರ ಮುಂದೆ ಉಚ್ಚರಿಸುವಾಗ ಜಾಗ್ರತೆಯಿರಲಿ. ಅವರಲ್ಲಿ ಪಟ್ಟಿಯೆಂದರೆ ನಾಯಿ.)

ಈ ಶಬ್ದಗಳೆಲ್ಲ ಒಂದೇ ಜಾತಿಯವಲ್ಲ. ಅವುಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯಕ.

ಅವಸರ, ಅವಧಿ, ಪ್ರಸಂಗ, ಸಂಸಾರ ಮೊದಲಾದುವು ಒಂದೇ ಬೀಜದಿಂದ ಹುಟ್ಟಿ ಬೇರೆಬೇರೆ ಹಿತ್ತಲುಗಳಲ್ಲಿ ಬೆಳೆದ ಗಿಡಗಳಂತೆ ಇವೆ. ಬೀಜವು ಸಂಸ್ಕೃತ. ಅವಸರವೆಂದರೆ ಅಲ್ಲಿ ಸಮಯ, ಸಂದರ್ಭ, ಅನುಕೂಲವಾದ ಹೊತ್ತು. ಮಲಯಾಳವು ಅನುಕೂಲವಾದ ಹೊತ್ತೆಂಬ ಭಾಗವನ್ನು ಹಿಡಿದುಕೊಂಡಿತು. ಹೊತ್ತು ಮೀರಿ ಹೋದೀತೆಂಬ ತವಕವು ಕನ್ನಡದಲ್ಲಿ ಪ್ರಧಾನವಾಯಿತು. ತೆಲುಗರಲ್ಲಿ ಅದೇ ಶಬ್ದಕ್ಕೆ ‘ಅಗತ್ಯ’ವೆಂಬ ಅರ್ಥವು ನೆಲೆಸಿತು. ಅವಧಿಯೆಂದರೆ ಮೂಲದಲ್ಲಿ ಎಲ್ಲೆ, ಮೇರೆ. ಎರಡು ಮೇರೆಗಳ ನಡುವಣ ಕಾಲವನ್ನು ನಾವು ಅವಧಿಯೆಂದೆವು. ಮಲಯಾಳದಲ್ಲಿ ಮೊಕದ್ದಮೆಯನ್ನು ಮುಂದಿನ ತಾರೀಕಿಗೆ ಹಾಕುವುದಕ್ಕೆ ‘ಅವಧಿಗೆ ಇಡುವುದು’ ಎಂಬ ಮಾತುಂಟು. ಕೆಲಸವನ್ನು ಮುಂದಕ್ಕೆ ಹಾಕಿದ ದಿನ ಬಿಡುವಿನ ದಿನವೇ ತಾನೆ! ಸಂಸಾರವೆಂಬುದರ ಪ್ರಯಾಣವು ಇನ್ನೂ ವಿಚಿತ್ರ. ಜನನಮರಣಗಳ ಪ್ರವಾಹವೆಂಬ ವೇದಾಂತದ ಅರ್ಥದಿಂದ ಹೊರಟು ಅದು ಕನ್ನಡದಲ್ಲಿ ಕುಟುಂಬವಾಯಿತು, ತಮಿಳಿನಲ್ಲಿ ಹೆಂಡತಿಯಾಯಿತು, ಮಲಯಾಳದಲ್ಲಿ ಮಾತುಕತೆಯಾಯಿತು. ಆದುದರಿಂದ ಮಲಯಾಳಿಯೊಬ್ಬನು “ನಿಮ್ಮೊಡನೆ ಸ್ವಲ್ಪ ಸಂಸಾರ ಮಾಡಬೇಕು” ಎಂದು ತನ್ನ ಮಾತನ್ನು ಅರೆಗನ್ನಡಕ್ಕೆ ತಿರುಗಿಸಿ ಹೇಳಿದರೆ ಯಾರೂ ಕೋಪಿಸಿಕೊಳ್ಳಬೇಕಾಗಿಲ್ಲ.

ಕ್ಷಣವೆಂಬ ಶಬ್ದವನ್ನು ಇಲ್ಲಿ ಹೇಳದೆ ಬಿಡಲಾರೆ. ಮಲಯಾಳದಲ್ಲಿ ‘ಕ್ಷಣಂ’ ಎಂದರೆ ಆಮಂತ್ರಣವೆಂದೂ ಅರ್ಥವುಂಟು. ಮದುವೆಯ ಕರೆಯೋಲೆಯನ್ನು ಅವರು ‘ಕ್ಷಣಕ್ಕತ್ತ್’ ಎನ್ನುತ್ತಾರೆ. ನಿಮಿಷಕ್ಕಿಂತ ಕಿರಿದಾದ ಕಾಲಕ್ಕೂ ಆಮಂತ್ರಣಕ್ಕೂ ಏನು ಸಂಬಂಧವೆಂದು ಕನ್ನಡಿಗನು ಕೇಳಬಹುದು. ಆದರೆ ನಮ್ಮ ಪುರೋಹಿತರನ್ನು ಕೇಳಿದರೆ ಅವರು ಶ್ರಾದ್ಧದಲ್ಲಿ ಬ್ರಾಹ್ಮಣರಿಗೆ ಕ್ಷಣ ಕೊಡುವ ವಿಧಿಯನ್ನು ನೆನಪಿಸುತ್ತಾರೆ. ಅಲ್ಲಿಯೂ ಕ್ಷಣವೆಂದರೆ ಕರೆಯುವುದೇ. ಕನ್ನಡದ ಬೀದಿಯಲ್ಲಿ ಮರೆತುಹೋದ ಅರ್ಥವೊಂದು ಕನ್ನಡದ ಪೂಜಾಗೃಹದಲ್ಲಿ ಉಳಿದುಕೊಂಡಿದೆ, ಮಲಯಾಳದಲ್ಲಿಯಾದರೋ ಅಂಚೆಪೆಟ್ಟಿಗೆಯವರೆಗೆ ನಡೆದು ಬಂದಿದೆ. ಹೀಗೆ ಅರ್ಥ ಬೇರೆಯಾದರೂ ಮೂಲ ಒಂದೇ ಆಗಿರುವ ಶಬ್ದಗಳಲ್ಲಿ, ಹುಡುಕಿದರೆ ಹಾದಿ ದೊರೆಯುತ್ತದೆ.

ಎರಡನೆಯ ಜಾತಿಯ ಶಬ್ದಗಳಲ್ಲಿ ಅಂಥ ಹಾದಿಯೇ ಇಲ್ಲ. ಇವು ದೂರದೂರದ ಊರುಗಳಿಂದ ಬಂದು ಸಂತೆಯಲ್ಲಿ ಅಕಸ್ಮಾತ್ತಾಗಿ ಒಂದೇ ಬಣ್ಣದ ಅಂಗಿ ತೊಟ್ಟು ನಿಂತವರಂತೆ. ಇದಕ್ಕೆ ‘ಆಜಿ’ ಎಂಬುದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಾಣೆ. ಉಪ್ಪಳದ ಪೇಟೆಯಲ್ಲಿ ಕೊಂಕಣಿ ಮನೆಮಾತಿನ ವ್ಯಾಪಾರಿಯು ತನ್ನ ಮಗನೊಡನೆ ‘ಆಜಿ’ ಎಂದರೆ ‘ಇವತ್ತು’ ಎಂದರ್ಥ. ಅಂಗಡಿಯ ಮುಂದೆ ನಿಂತ ತುಳುವನು ‘ಆಜಿ’ ಎಂದರೆ ತೆಂಗಿನಕಾಯಿ ಆರು ಬೇಕೆಂದು ಅರ್ಥ. ಅದೇ ಅಂಗಡಿಯ ಪಕ್ಕದ ಬಯಲಿನಲ್ಲಿ ರಾತ್ರಿ ತಾಳಮದ್ದಳೆಯ ಅರ್ಥಧಾರಿಯು ‘ಆಜಿರಂಗ’ವೆಂದರೆ ಯುದ್ಧಭೂಮಿ. ಮೂರೂ ಕಿವಿಗೆ ಒಂದೇ.

ಇವುಗಳ ಕುಲವನ್ನು ವಿಚಾರಿಸೋಣ. ಯುದ್ಧವೆಂಬ ಅರ್ಥದ ಆಜಿಯು ಸಂಸ್ಕೃತದ್ದು; ಅದು ಮೊದಲಿನಿಂದಲೂ ಇದೇ ರೂಪದಲ್ಲಿದೆ. ಕೊಂಕಣಿಯ ಆಜಿಯೂ ಸಂಸ್ಕೃತದ ವಂಶದ್ದೇ, ಆದರೆ ಬೇರೆ ಮನೆತನ. ‘ಅದ್ಯ’ ಎಂಬುದು ಪ್ರಾಕೃತದಲ್ಲಿ ‘ಅಜ್ಜ’ ಎಂದಾಗಿ, ಹಿಂದಿ ಮರಾಠಿಗಳಲ್ಲಿ ‘ಆಜ್’ ಎಂದೂ ಕೊಂಕಣಿಯಲ್ಲಿ ‘ಆಜಿ’ ಎಂದೂ ಪರಿಣಮಿಸಿತು. ತುಳುವಿನ ಆಜಿಗಾದರೋ ಸಂಸ್ಕೃತದ ಗಾಳಿಯೂ ಸೋಕಿಲ್ಲ. ಅದು ದ್ರಾವಿಡದ ‘ಆಱು’. ಹಳಗನ್ನಡದ ಶಕಟರೇಫವಿರುವ ಕಡೆ ತುಳುವಿನಲ್ಲಿ ಜಕಾರವು ಬರುವುದುಂಟು. ಮೂಱು ಎಂಬುದು ಮೂಜಿ ಆದಂತೆ ಆಱು ಎಂಬುದು ಆಜಿ ಆಯಿತು. ಒಂದೆಡೆ ನಡೆದ ಬದಲಾವಣೆ ಅದೇ ಪರಿಸರದ ಇನ್ನೊಂದು ಶಬ್ದದಲ್ಲಿಯೂ ನಡೆದಿದೆಯೋ ಎಂದು ನೋಡುವುದೇ ಶಬ್ದಶಾಸ್ತ್ರದ ಮುಖ್ಯ ಪರೀಕ್ಷೆ. ಒಂದೇ ಒಂದು ಶಬ್ದವನ್ನು ಹಿಡಿದು ಊಹಿಸಿದರೆ ಯಾವ ಶಬ್ದವನ್ನು ಯಾವುದರಿಂದ ಬೇಕಾದರೂ ಹುಟ್ಟಿಸಬಹುದು.

ಇನ್ನೊಂದು ಜೋಡಿಯನ್ನು ನೋಡಿ. ಮಲಯಾಳವನ್ನಾಡುವ ಗುರುಗಳು ಹೊಸದಾಗಿ ಶಾಲೆಗೆ ಸೇರಿದ ತುಳು ಮಗುವನ್ನು ‘ಪೇರ್’ ಏನೆಂದು ಕೇಳಿದರೆ, ಮಗುವು ಹಾಲಿನ ವಿಚಾರವೆಂದು ತಿಳಿಯುವುದು ಸಹಜ. ಮಲಯಾಳದಲ್ಲಿ ಪೇರ್ ಎಂದರೆ ಹೆಸರು, ತುಳುವಿನಲ್ಲಿ ಹಾಲು. ಹೆಸರೆಂಬ ನಮ್ಮ ಶಬ್ದದ ಹಳೆಯ ರೂಪ ‘ಪೆಸರ್’. ತಮಿಳಿನಲ್ಲಿ ಅದು ‘ಪೆಯರ್’. ನಡುವಣ ಯಕಾರವೂ ಸವೆದು ಮಲಯಾಳದಲ್ಲಿ ‘ಪೇರ್’. ತುಳುವಿನ ಪೇರ್ ‘ಪಾಲ್’ ಎಂಬುದರಿಂದ ಬಂದುದು. ತಲೆಗೆ ತುಳುವಿನಲ್ಲಿ ತರೆ, ಕಾಲಿಗೆ ಕಾರ್. ಈ ಲಕಾರ ರಕಾರಗಳ ವ್ಯತ್ಯಾಸವೇ ಹಾಲಿನಲ್ಲಿಯೂ ಇದೆ. ಒಂದು ಶಬ್ದವು ನಡುವಿನಲ್ಲಿ ಸವೆದು, ಮತ್ತೊಂದು ಕೊನೆಯಲ್ಲಿ ತಿರುಗಿ, ಎರಡೂ ಒಂದೇ ರೂಪಕ್ಕೆ ಬಂದು ನಿಂತುವು. ಹೀಗೆಯೇ ತುಳುವಿನ ‘ಕಂಜಿ’ ಎಂದರೆ ಕರು, ತಮಿಳಿನ ‘ಕಂಜಿ’ ಎಂದರೆ ಗಂಜಿ. ತುಳುವಿನ ‘ಕುಕ್ಕು’ ಮಾವಿನಹಣ್ಣು, ಕನ್ನಡದ ಕುಕ್ಕು ಕೊಕ್ಕಿನ ಕೆಲಸ. ಕನ್ನಡದ ಚೋರನು ಕಳ್ಳ, ಮಲಯಾಳದ ‘ಚೋರ’ ರಕ್ತ. ಎಲೆ ಮತ್ತು ಇಲಿಗಳ ಸಂಗತಿಯಂತೂ ಸ್ಥಾನಪಲ್ಲಟವೇ ಸರಿ. ನಾವು ಇಲಿ ಎನ್ನುವ ಪ್ರಾಣಿಗೆ ಮಲಯಾಳದಲ್ಲಿಯೂ ತುಳುವಿನಲ್ಲಿಯೂ ‘ಎಲಿ’. ನಾವು ಎಲೆ ಎನ್ನುವುದಕ್ಕೆ ಮಲಯಾಳದ ಬರಹದಲ್ಲಿ ‘ಇಲ’. ಇದೂ ಆಕಸ್ಮಿಕವಲ್ಲ. ಮುಂದಿನ ಅಕ್ಷರದಲ್ಲಿ ಇಕಾರ ಉಕಾರಗಳಿದ್ದರೆ ಹಿಂದಣ ಎಕಾರವು ಇಕಾರವಾಗುವುದು ಪ್ರಾಚೀನಕಾಲದಲ್ಲಿಯೇ ಕನ್ನಡದ ನಿಯಮವಾಯಿತು. ಮುಂದೆ ಅಕಾರವಿದ್ದ ಕಡೆ ಇಕಾರವು ಎಕಾರವಾಯಿತು. ಆದುದರಿಂದ ಎಲಿ ಇಲಿಯಾಯಿತು, ಇಲ ಎಲೆಯಾಯಿತು.

ಇಲ್ಲಿ ‘ಇಲ್ಲ’ ಎಂಬ ಶಬ್ದವನ್ನು ಪ್ರತ್ಯೇಕವಾಗಿ ಹೇಳಬೇಕು. ಕನ್ನಡಿಗನಿಗೂ ಮಲಯಾಳಿಗೂ ‘ಇಲ್ಲ’ವೆಂದರೆ ಅಭಾವ. ತುಳುವನಿಗೆ ‘ಇಲ್ಲ್’ ಎಂದರೆ ಮನೆ. ಇಲ್ಲವೆನ್ನಲು ಅವನಿಗೆ ‘ಇಜ್ಜಿ’ ಎಂಬ ಬೇರೆ ಶಬ್ದವಿದೆ. ತೆಲುಗಿನಲ್ಲಿ ‘ಇಲ್ಲು’ ಎಂದರೆ ಮನೆ, ನಂಬೂದಿರಿಗಳ ಮನೆಗೆ ‘ಇಲ್ಲಂ’ ಎಂದು ಹೆಸರು. ಘಟ್ಟದ ಮೇಲಿನಿಂದ ಬಂದ ಅಧ್ಯಾಪಕರೊಬ್ಬರು ತರಗತಿಯ ಹುಡುಗನನ್ನು “ಎಲ್ಲಿಗೆ ಹೊರಟೆ?” ಎಂದು ಕೇಳಿದಾಗ ಅವನು ತುಳುವಿನಲ್ಲಿ “ಇಲ್ಲಗ್” ಎಂದನಂತೆ. ಅಧ್ಯಾಪಕರು “ಇಲ್ಲವೆಂದರೆ ಹೋಗಿ ಕುಳಿತುಕೋ” ಎಂದು ಕೂರಿಸಿದರು; ಹುಡುಗನು ಮನೆಗೆ ಹೋಗಲು ಅಪ್ಪಣೆ ಸಿಗಲಿಲ್ಲವೆಂದು ಅತ್ತನು. ಇರುವ ಸ್ಥಳಕ್ಕೂ ಇಲ್ಲದಿರುವುದಕ್ಕೂ ಒಂದೇ ಶಬ್ದವಾಯಿತೆಂದು ಇದರಿಂದ ವೇದಾಂತವನ್ನು ಹೊರಡಿಸುವವರೂ ಇದ್ದಾರೆ. ಅವರ ಉತ್ಸಾಹಕ್ಕೆ ಭಂಗ ತರುವುದು ನನ್ನ ಉದ್ದೇಶವಲ್ಲವಾದರೂ ಸತ್ಯವನ್ನು ಹೇಳಬೇಕು. ಗೊಂಡಿ ಭಾಷೆಯಲ್ಲಿ ಇಲ್ಲವೆಂಬುದಕ್ಕೆ ‘ಸಿಲ್ಲೆ’, ‘ಹಿಲ್ಲೆ’ ಎಂಬ ರೂಪಗಳಿವೆ. ಆದಕಾರಣ ಅಭಾವವನ್ನು ಹೇಳುವ ಶಬ್ದದ ಮೊದಲಲ್ಲಿ ಪೂರ್ವದಲ್ಲಿ ಒಂದು ಚಕಾರವಿದ್ದು ನಮ್ಮಲ್ಲಿ ಲೋಪವಾಯಿತೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಮನೆಯೆಂಬರ್ಥದ ಶಬ್ದಕ್ಕೆ ಅಂಥ ಚಕಾರದ ಗುರುತಿಲ್ಲ. ಎರಡೂ ಬೇರೆ ಧಾತುಗಳು. ನೂರಾರು ಹರದಾರಿ ದೂರದ ಗೊಂಡರ ಮಾತು ನಮ್ಮ ಮನೆಯ ಶಬ್ದದ ವ್ಯಾಜ್ಯವನ್ನು ತೀರಿಸಿತು.

ಈಗ ಮಕ್ಕಳ ಕಷ್ಟದ ಮಾತು. ತುಳುವಿನಲ್ಲಿ ‘ಅಪ್ಪೆ’ ಎಂದರೆ ತಾಯಿ, ‘ಅಮ್ಮೆ’ ಎಂದರೆ ತಂದೆ. ಕನ್ನಡದಲ್ಲಿ ಅಪ್ಪನು ತಂದೆ, ಅಮ್ಮನು ತಾಯಿ. ಪ್ರಥಮ ತರಗತಿಯ ಮಗುವು ‘ಅಮ್ಮ ಅಡಿಗೆ ಮಾಡುತ್ತಾಳೆ, ಅಪ್ಪ ಹೊಲಕ್ಕೆ ಹೋಗುತ್ತಾನೆ’ ಎಂಬ ಪಾಠವನ್ನು ಎದುರಿಸಿದಾಗ ಅದರ ಮನಸ್ಸಿನಲ್ಲಿ ಏನಾಗುವುದೆಂಬುದನ್ನು ನಾವು ಆಲೋಚಿಸಿದ್ದೇವೆಯೆ? ಅದರ ಮನೆಯ ವ್ಯವಸ್ಥೆಯೇ ತಲೆಕೆಳಗಾದಂತೆ ತೋರುತ್ತದೆ. ಅದು ತಪ್ಪು ಹೇಳಿದರೆ ಪಕ್ಕದವರು ನಗುತ್ತಾರೆ, ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಹವ್ಯಕ ಮನೆಯ ಮಗುವಿನ ಕಷ್ಟ ಮತ್ತೊಂದು. ತನ್ನ ಅಕ್ಕನನ್ನು ಕುರಿತು ‘ಅದು ಬಂತು’ ಎನ್ನುವುದು ಅದರ ಮನೆಮಾತಿನಲ್ಲಿ ನಿರ್ದೋಷವಾದ ಪ್ರಯೋಗ. ‘ಇಲ್ಲೆ’ ಎಂದರೆ ಇಲ್ಲವೆಂದರ್ಥ. ಗ್ರಂಥಸ್ಥ ಕನ್ನಡದಲ್ಲಿ ಮೊದಲನೆಯದು ಅಗೌರವ, ಎರಡನೆಯದು ‘ಇದೇ ಸ್ಥಳದಲ್ಲಿ’ ಎಂದಾಗುತ್ತದೆ. “ಪುಸ್ತಕ ತಂದಿದ್ದೀಯಾ?” “ಇಲ್ಲೆ.” “ಇಲ್ಲಿಯೇ ಇದ್ದರೆ ತೆಗೆ!” ಇಂಥ ಸಂಭಾಷಣೆಗಳನ್ನು ಕೇಳದ ಅಧ್ಯಾಪಕರು ಈ ಭಾಗದಲ್ಲಿ ವಿರಳ. ಇವುಗಳನ್ನು ತಪ್ಪೆಂದು ಕೆಂಪು ಶಾಯಿಯಿಂದ ಹೊಡೆದುಹಾಕುವುದಕ್ಕೆ ಮೊದಲು, ಇದು ನಿನ್ನ ಮನೆಯಲ್ಲಿ ಸರಿ, ಪುಸ್ತಕದಲ್ಲಿ ಈ ರೂಪ ಬೇರೆ ಎಂದು ಒಂದು ವಾಕ್ಯವನ್ನು ಹೇಳುವುದಕ್ಕೆ ಎಷ್ಟು ಹೊತ್ತು ಬೇಕು? ಮಂಜೇಶ್ವರದ ಗೋವಿಂದ ಪೈಗಳ (1883–1963) ಮನೆಮಾತು ಕೊಂಕಣಿ, ಸುತ್ತಣ ಮಾತು ತುಳು, ಅವರು ಕಾವ್ಯ ಬರೆದುದು ಕನ್ನಡದಲ್ಲಿ.

ಒಂದೇ ಭಾಷೆಯೊಳಗೂ ಈ ಗೊಂದಲ ಹುಟ್ಟುವುದುಂಟು, ಅದಕ್ಕೆ ಅಕ್ಷರಗಳ ನಷ್ಟವು ಒಂದು ಕಾರಣ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಱ, ೞ ಎಂಬ ಅಕ್ಷರಗಳನ್ನು ಕನ್ನಡದ ಸ್ವಂತ ವರ್ಣಗಳೆಂದು ಎಣಿಸಿದ್ದಾನೆ. ಈಗ ಅವು ನಮ್ಮ ವರ್ಣಮಾಲೆಯಲ್ಲಿಲ್ಲ. ಹಿಂದೆ ಬಾೞ್ ಎಂದರೆ ಜೀವಿಸು, ಬಾಳ್ ಎಂದರೆ ಕತ್ತಿ. ಎರಡೂ ಇಂದು ‘ಬಾಳು’. ಮಲಯಾಳವು ಈ ಎರಡು ಅಕ್ಷರಗಳನ್ನೂ ಉಳಿಸಿಕೊಂಡಿದೆ. ಆದುದರಿಂದ ಹಳಗನ್ನಡವನ್ನು ಓದುವ ವಿದ್ಯಾರ್ಥಿಗೆ ಸಂಶಯ ಬಂದಾಗ ನೆರೆಮನೆಯ ಮಲಯಾಳಿ ಅಜ್ಜಿಯ ಉಚ್ಚಾರಣೆಯು ವ್ಯಾಖ್ಯಾನದಷ್ಟೇ ಪ್ರಯೋಜನಕಾರಿ. ‘ಆರು’ ಎಂಬುದನ್ನೇ ತೆಗೆದುಕೊಳ್ಳಿ. ಸಂಖ್ಯೆಯಾದ ಆಱು, ತಣಿ ಅಥವಾ ಒಣಗು ಎಂಬರ್ಥದ ಆಱು, ಇವೆರಡಕ್ಕೂ ಶಕಟರೇಫ. ತಮಿಳು ಮಲಯಾಳಗಳಲ್ಲಿ ನದಿಯೆಂಬ ಅರ್ಥದ ಆಱು ಕೂಡ ಹಾಗೆಯೇ. ಯಾರು ಎಂಬರ್ಥದ ‘ಆರ್’ ಮಾತ್ರ ಸಾಧಾರಣ ರೇಫದ್ದು. ಮಲಯಾಳಿಗರು ‘ಆರು ಮಂದಿ’ ಎನ್ನುವಾಗಲೂ ‘ಆರು ಬಂದರು?’ ಎನ್ನುವಾಗಲೂ ನಾಲಗೆಯನ್ನು ಬೇರೆಬೇರೆಯಾಗಿ ತಿರುಗಿಸುತ್ತಾರೆ. ನಮಗೆ ಸಂದರ್ಭವೊಂದೇ ಗತಿ.

ಈ ಬಗೆಯ ವಿಚಾರಗಳಿಗೆ ಬೇಕಾದ ಸಾಮಗ್ರಿಯು ಬಹುಮಟ್ಟಿಗೆ ನಮ್ಮ ಕರಾವಳಿಯಲ್ಲಿಯೇ ಸಿದ್ಧವಾಯಿತೆಂಬುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಬಾಸೆಲ್ ಮಿಶನ್ನಿನವರಾದ ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿಯೂ ಮ್ಯಾನರ್ ಅವರ ತುಳು ನಿಘಂಟು 1886ರಲ್ಲಿಯೂ ಕಿಟೆಲರ ಕನ್ನಡ ನಿಘಂಟು 1894ರಲ್ಲಿಯೂ ಹೊರಬಂದುವು. ದ್ರಾವಿಡ ಭಾಷೆಗಳೆಲ್ಲವುಗಳ ಜ್ಞಾತಿಶಬ್ದಗಳನ್ನು ಒಂದೆಡೆ ಕೂಡಿಸಿದ ಬರೋ ಮತ್ತು ಎಮೆನೊ ಅವರ ನಿಘಂಟು 1961ರಲ್ಲಿ ಪ್ರಕಟವಾಗಿ, 1984ರಲ್ಲಿ ಪರಿಷ್ಕೃತವಾಯಿತು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಆರು ಸಂಪುಟಗಳ ತುಳು ನಿಘಂಟು 1988ರಿಂದ 1997ರವರೆಗೆ ಬಂದಿದೆ. ಈ ನಾಲ್ಕೈದು ಗ್ರಂಥಗಳನ್ನು ಮೇಜಿನ ಮೇಲೆ ಬಿಡಿಸಿಟ್ಟುಕೊಂಡು ಒಂದು ಶಬ್ದವನ್ನು ಅಲ್ಲಿಂದಿಲ್ಲಿಗೆ ಹಿಂಬಾಲಿಸುವ ಸುಖವನ್ನು ಅನುಭವಿಸಿದವನೇ ಬಲ್ಲ.

ಇನ್ನು ನಮ್ಮ ಊರಿನ ಹೆಸರು. ಸ್ಥಳನಾಮಗಳಲ್ಲಿ ರೂಪವನ್ನು ನೋಡಿ ಮೂಲವನ್ನು ಹೇಳುವ ಆತುರವು ಬಹಳ. ಕುಂಬಳೆಯನ್ನು ಮಲಯಾಳದಲ್ಲಿ ‘ಕುಂಬಳ’ವೆಂದು ಬರೆಯುವುದನ್ನು ಕಂ��ು ತರಕಾರಿಯ ನೆನಪಾಗಿ ನಗುವವರಿದ್ದಾರೆ. ಕಾಸರಗೋಡಿನ ಪಿಲಿಕುಂಜೆಗೆ ಮಲಯಾಳದಲ್ಲಿ ‘ಪುಲಿಕುನ್ನ್’ ಎಂಬ ಹೆಸರು ಬಳಕೆಯಲ್ಲಿದೆ. ತುಳುವಿನ ಪಿಲಿಯೂ ಮಲಯಾಳದ ಪುಲಿಯೂ ಕನ್ನಡದ ಹುಲಿಯೂ ಒಂದೇ ಪ್ರಾಣಿಯಾದುದರಿಂದ ಅಲ್ಲಿ ಅರ್ಥ ಕೆಟ್ಟಿಲ್ಲವೆನ್ನಬಹುದು, ಆದರೆ ಹೆಸರಿಟ್ಟವರು ಯಾವ ಮಾತಿನವರೆಂಬ ಸಾಕ್ಷ್ಯವು ಅಳಿಸಿಹೋಗುತ್ತದೆ. 2021ರಲ್ಲಿ ಈ ಜಿಲ್ಲೆಯ ಕನ್ನಡ ತುಳು ಸ್ಥಳನಾಮಗಳ ವಿಷಯವು ಪತ್ರಿಕೆಗಳಲ್ಲಿಯೂ ಸರಕಾರಗಳ ನಡುವೆಯೂ ಚರ್ಚೆಗೆ ಬಂದಾಗ ಭಾವಾವೇಶವು ಹೆಚ್ಚಾಗಿ ಕೇಳಿಬಂತು, ಈ ಸಾಕ್ಷ್ಯದ ಮಾತು ಕಡಿಮೆ.

ಬಾಯಾರು ಎಂಬಲ್ಲಿ ಕನ್ನಡಿಗನು ಬಾಯಾರಿಕೆಯನ್ನು ಕಾಣುತ್ತಾನೆ. ಲೆಕ್ಕದಲ್ಲಿ ಆಸಕ್ತಿಯುಳ್ಳವನು ಆರು ಬಾಯಿಗಳನ್ನು ಕಾಣುತ್ತಾನೆ. ಪೆರಿಯಾರಿನ ಕಡೆಯಿಂದ ಬಂದ ಮಲಯಾಳಿಗೆ ಕೊನೆಯ ‘ಆರ್’ ಕಂಡೊಡನೆ ಹೊಳೆಯ ನೆನಪಾಗುತ್ತದೆ. ತುಳುವನಿಗೆ ನೀರಡಿಕೆಯೆಂದರೆ ‘ಬಾಜೆಲ್’. ಆದುದರಿಂದ ಅವನಿಗೆ ಈ ಹೆಸರಿನಲ್ಲಿ ನೀರಡಿಕೆಯೇನೂ ಕೇಳಿಸದು, ಅವನಿಗೆ ಅದು ಬರಿಯ ಊರು. ಮೂವರೂ ತಂತಮ್ಮ ಕಿವಿಗೆ ಕೇಳಿಸಿದುದನ್ನೇ ಹೇಳುತ್ತಿದ್ದಾರೆ. ನಿರ್ಣಯಕ್ಕೆ ಬೇಕಾದುದು ಬಲು ಚಿಕ್ಕ ಒಂದು ಸಂಗತಿ: ಈ ಹೆಸರಿನ ಕೊನೆಯಲ್ಲಿರುವುದು ಸಾಧಾರಣ ರೇಫವೋ ಶಕಟರೇಫವೋ? ಸಾಧಾರಣ ರೇಫವಾದರೆ ನೀರಡಿಕೆಯೂ ಆರು ಬಾಯಿಯೂ ಹೊಳೆಯೂ ಒಟ್ಟಿಗೆ ಬಿದ್ದುಹೋಗುತ್ತವೆ. ಕನ್ನಡದ ಬೋರ್ಡಿನಲ್ಲಿ ‘ರು’ ಎಂದಿದೆ. ಶಕಟರೇಫವನ್ನು ನಾವು ಬಿಟ್ಟು ಶತಮಾನಗಳಾದುವು, ಆದುದರಿಂದ ಅದು ಏನನ್ನೂ ಹೇಳದು. ಎರಡು ರೇಫಗಳನ್ನೂ ಉಳಿಸಿಕೊಂಡ ಮಲಯಾಳದ ಬೋರ್ಡಾದರೂ ಹೇಳೀತೆಂದು ಬಸ್ಸು ನಿಲ್ಲುವಲ್ಲಿ ನಿಂತು ನೋಡಿದರೆ, ಅಲ್ಲಿ ಹೆಸರು ಅರ್ಧಾಕ್ಷರದ ‘ರ್’ ಎಂಬುದರಿಂದ ಮುಗಿಯುತ್ತದೆ. ಮಲಯಾಳದಲ್ಲಿ ಎರಡು ರೇಫಗಳಿಗೂ ಅರ್ಧಾಕ್ಷರವು ಒಂದೇ! ರೇಫಗಳ ಭೇದವನ್ನು ಪಾಲಿಸುವಷ್ಟು ಹಳೆಯ ಬರಹವೊಂದರಲ್ಲಿ, ಕಲ್ಲಿನ ಮೇಲಾಗಲಿ ಓಲೆಯಲ್ಲಾಗಲಿ, ಈ ಮೂರಕ್ಷರಗಳು ಕಣ್ಣಿಗೆ ಬೀಳುವವರೆಗೆ ಘಟ್ಟದ ಮೇಲಣ ಮಿತ್ರರಿಗೆ ನಾನು ಒಂದು ಲೋಟ ನೀರನ್ನೂ ಒಂದು ತುಂಡು ಬೆಲ್ಲವನ್ನೂ ಕೊಟ್ಟು ಕುಳ್ಳಿರಿಸುತ್ತೇನೆ.